ಅಕ್ಕನ ತಲೆಗೆ ಹಚ್ಚಿದ ಸೊಪ್ಪುಗಳು

ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರೋಳಿಗೆ ನಗು ಬರಿಸೋ ಪ್ರಸಂಗಗಳಿಗೇನೂ ಬರವಿಲ್ಲ. ದಿನಕ್ಕೊಂದು ತಾನಾಗಿ ಬಂದು ಬುಟ್ಟಿ ಮುಂದೆ ನಿಂತ್ಕೊಳ್ಳುತ್ತೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹೊರಗೆ ಹದಿನೆಂಟು ವರ್ಷದಿಂದ ಕೂತಿದ್ದೀನಿ, ನಾನು ಕೇಳಿದ ಕಥೆಗಳಲ್ಲಿ ಅರ್ಧಕ್ಕರ್ಧ ಕೂದಲಿನವೇ. ಹೆಂಗಸರು ಹೂ ತಗೊಂಡು, ಬೆನ್ನು ತಿರುಗಿಸಿ ಮುಡಿಸು ಅಂತಾರೆ. ಪಿನ್ನು ಸಿಕ್ಕಿಸೋ ಹೊತ್ತಿಗೆ, ಮೊದಲು ಎಷ್ಟಿತ್ತು ಗೊತ್ತಾ ನನ್ನ ಜಡೆ ಅಂತ ಶುರು ಮಾಡ್ತಾರೆ. ಎಲ್ಲರ ಕೂದಲೂ ಉದುರ್ತಿದೆ, ಎಲ್ಲರ ಹತ್ತಿರವೂ ಒಂದೊಂದು ಸೊಪ್ಪಿನ ಮದ್ದಿದೆ. ಮದ್ದು ಹೇಳಿದೋರ ಜಡೆಯನ್ನೂ ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ಇಲಿಬಾಲ.

ಈಗ ಹೇಳೋದು ನನ್ನ ವಾರಗಿತ್ತಿಯ ವಿಷಯ. ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಅಂತಲೇ ಕರೀತಿದ್ದೆ. ಅಗರದಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಜಗಲಿ. ಬೆಳಗ್ಗೆ ಬರೋ ಮೊಗ್ಗನ್ನ ಅವಳು ಕಟ್ಟೋಳು, ನಾನು ಬುಟ್ಟಿಗೆ ತುಂಬಿಕೊಂಡು ಬಸ್ ಹತ್ತೋಳು. ಅವಳು ನೀಳಜಡೆಯವಳು, ಜೊತೆಗೆ ದೊಡ್ಡ ನಗುವಿನವಳು. ಅವಳು ನಕ್ಕರೆ ಎದುರು ಬೀದಿಯೋರು ಏನಾಯ್ತು ಅಂತ ಬಾಗಿಲಿಗೆ ಬರ್ತಿದ್ರು. ಅವಳ ವಿಷಯವನ್ನ ಅತ್ಕೊಂಡು ಹೇಳಿದ್ರೆ ಅವಳಿಗೆ ಹಿಡಿಸೋದಿಲ್ಲ. ಅದಕ್ಕೇ ಹೀಗೆ ಹೇಳ್ತಿದ್ದೀನಿ.

ಹುಳಿಯಲ್ಲಿ ಮಲ್ಲಿಗೆ

ನಮ್ಮ ಬೀದಿಯಲ್ಲಿ ಒಂದು ಮಗುವಿಗೆ ಹೆಸರಿಡೋ ಶಾಸ್ತ್ರ. ಅಕ್ಕ ಬಡಿಸೋಕೆ ನಿಂತಿದ್ದಳು. ಎಂದಿನಂಗೆ ಒಂದು ಮೊಳ ಮಲ್ಲಿಗೆ ಮುಡಿದಿದ್ದಳು. ಹುಳಿ ಬಕೆಟ್ಟಿನ ಮೇಲೆ ಬಗ್ಗಿದಾಗ ಹೂ ಮೆಲ್ಲಗೆ ಜಾರಿ ಒಳಕ್ಕೆ ಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಎರಡನೇ ಪಂಕ್ತಿಯಲ್ಲಿ ಹೊನ್ನೂರಿಂದ ಬಂದಿದ್ದ ಮುದುಕಿಯೊಬ್ಬಳು ಎಲೆಯಲ್ಲಿದ್ದ ಬದನೆಕಾಯಿ ಜೊತೆಗೆ ಮಲ್ಲಿಗೆ ದಂಡೇನ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು.

"ನಮ್ಮೂರಲ್ಲಿ ಹುಳಿಗೆ ಕರಿಬೇವು ಆಕ್ತೀವಿ ಕಣವ್ವ. ನೀವು ಮಲ್ಲಿಗೆ ಆಕ್ತೀರಾ?"

ಪಂಕ್ತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅಕ್ಕನೇ ನಕ್ಕಳು. ಆದರೆ ಕೈ ಹಿಂದಕ್ಕೆ ಹೋಗಿ ಜಡೆ ಹಿಡಿದು ನೋಡಿತು. ಆವತ್ತು ಸಂಜೆ ಜಗಲಿ ಮೇಲೆ ಅವಳು ತಲೆ ಬಾಚೋದನ್ನ ನೋಡಿದೆ. ಬಾಚಣಿಗೆಯಿಂದ ಬಿಡಿಸಿದ ಕೂದಲನ್ನ ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆ ಸಂದಿಗೆ ತುರುಕ್ತಿದ್ದಳು. ಸಂದಿ ತುಂಬಿಹೋಗಿತ್ತು.

ಮುಂದಿನ ವಾರ ಕೂದಲು ಕೊಳ್ಳೋನು ಸೈಕಲ್ ಮೇಲೆ ಬಂದ. ಉದುರಿದ ಕೂದಲು ಕೊಟ್ಟರೆ ಪಿನ್ನು, ಬಲೂನು, ಜಾಸ್ತಿ ಇದ್ದರೆ ಸಣ್ಣ ಪಾತ್ರೆ ಕೊಡ್ತಾನೆ. ಅಕ್ಕ ಸಂದಿಯಿಂದ ಎಳೆದೆಳೆದು ಕೊಟ್ಟಳು. ಅವನು ಒಂದು ಸ್ಟೀಲ್ ಬಟ್ಟಲು ಕೊಟ್ಟು, ಈ ಬೀದಿಯಲ್ಲಿ ಚೆನ್ನಾಗಿ ಕೊಡೋದು ನಿಮ್ಮ ಮನೆ ಒಂದೇ, ಇನ್ನು ವಾರವಾರ ಬರ್ತೀನಿ ಅಂತ ಖುಷಿಯಾಗಿ ಹೇಳಿ ಹೋದ. ಅಕ್ಕ ಆ ಬಟ್ಟಲನ್ನ ತಿರುಗಿಸಿ ತಿರುಗಿಸಿ ನೋಡಿದಳು.

"ಇಂಗೇ ಆದ್ರೆ ದೀಪಾವಳಿ ಒತ್ಗೆ ಕುಕ್ಕರ್ರೇ ಬತ್ತದೆ ಕಣ್ಲೇ."

ಮೆಂತ್ಯ

ಮದ್ದು ಹುಡುಕಿದವಳು ನಾನು. ಅದನ್ನ ಒಪ್ಪಿಕೊಳ್ಳಬೇಕು. ಬುಟ್ಟಿ ಮುಂದೆ ಬಂದೋರನ್ನೆಲ್ಲ ಕೇಳ್ತಿದ್ದೆ. ಮೇಷ್ಟ್ರಮ್ಮ ಒಬ್ಬರು ದಾಸವಾಳದ ಎಲೆ ಅಂದರು. ಬ್ಯಾಂಕಿನೋರೊಬ್ಬರು ಗರುಗದ ಸೊಪ್ಪನ್ನ ಕೊಬ್ಬರಿ ಎಣ್ಣೇಲಿ ಕಾಯಿಸಿ ಅಂದರು. ಕರಿಬೇವು, ಲೋಳೆಸರ, ಒಂದೆಲಗ, ಒಣಗಿದ ನೆಲ್ಲಿಕಾಯಿ, ಒಂದೂ ಬಿಡಲಿಲ್ಲ. ವಾರಕ್ಕೊಂದು ಸೊಪ್ಪು ತಗೊಂಡು ಹೋಗಿ ಅರೆದು, ನಾನೇ ಅವಳ ತಲೆಗೆ ಹಚ್ಚುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೂತಿರ್ತಿದ್ದಳು. ಕೈಗೆ ಅಂಟಿಕೊಂಡು ಬಂದ ಕೂದಲನ್ನ ನಾನು ಸೆರಗಿಗೆ ಒರೆಸಿಕೊಂಡು, ಈ ಸಲ ಕಮ್ಮಿ ಕಣಕ್ಕ ಅಂತ ಸುಳ್ಳು ಹೇಳ್ತಿದ್ದೆ.

ಒಂದಿನ ನೆನೆಸಿದ ಮೆಂತ್ಯೇನ ತರಿತರಿಯಾಗಿ ರುಬ್ಬಿ ಹಚ್ಚಿದೆ. ಒಣಗೋವರೆಗೆ ಬಿಸಿಲಲ್ಲಿ ಕೂತಿರಕ್ಕ ಅಂತ ಹೇಳಿ ಬಸ್ ಹಿಡಿಯೋಕೆ ಹೋದೆ. ಆ ಬಸ್ ತಪ್ಪಿತು. ವಾಪಸ್ ಬಂದು ನೋಡ್ತೀನಿ, ಅಕ್ಕ ಜಗಲಿ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ. ಕೈಯಲ್ಲಿ ಅರ್ಧ ಕಟ್ಟಿದ ಹೂ. ಭುಜದ ಮೇಲೆ ನಮ್ಮ ಕೆಂಪು ಹ್ಯಾಟೆ ಕೋಳಿ. ಅದು ಅವಳ ತಲೆಯಿಂದ ಒಂದೊಂದೇ ಮೆಂತ್ಯದ ಚೂರನ್ನ ಆರಿಸಿ ಆರಿಸಿ ತಿಂತಿತ್ತು. ಪಕ್ಕದಲ್ಲಿ ಭಾವ, ಅಂದ್ರೆ ಅಕ್ಕನ ಗಂಡ, ಬೀಡಿ ಹಿಡ್ಕೊಂಡು ನೋಡ್ತಾ ಕೂತಿದ್ದರು. ಓಡಿಸಬಾರದಾ ಭಾವ ಅಂತ ಕೇಳಿದೆ.

"ನಿಮ್ಮಕ್ಕಂಗೆ ಕೂದ್ಲು ಬತ್ತದೋ ಇಲ್ವೋ ಗೊತ್ತಿಲ್ಲ. ಕೋಳಿ ಮೊಟ್ಟೆಯಾರ ಇಕ್ಲಿ ಅಂತ ಸುಮ್ಕಿದ್ದೆ" ಅಂದರು.

ಇದನ್ನ ಊರೆಲ್ಲ ಹೇಳಿಕೊಂಡು ನಕ್ಕೆವು. ನಟ್ಟ ನಡು ಬಿಸಿಲಲ್ಲಿ, ತಲೆ ಮೇಲೆ ಕೋಳಿ ಕುಕ್ಕಿದರೂ ಎಚ್ಚರ ಆಗದಷ್ಟು ದಣಿವು ಒಬ್ಬ ಹೆಂಗಸಿಗೆ ಯಾಕೆ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.

ಲಗೇಜು

ಮೆಂತ್ಯ ಆದ ಮೇಲೆ ಈರುಳ್ಳಿ. ಒಬ್ಬಳು ಮಹಿಳಾ ಪೊಲೀಸ್ ಹೇಳಿದ್ದು, ಪೊಲೀಸ್ ಹೇಳಿದ ಮೇಲೆ ಮುಗೀತಲ್ಲ. ಈರುಳ್ಳಿ ತುರಿದು ರಸ ಹಿಂಡಿ ಹಚ್ಚಿ, ಸೀಗೆಪುಡಿ ಹಾಕಿ ಎರಡು ಸಲ ತಲೆ ತೊಳೆದೆ. ವಾಸನೆ ಹೋಗಲಿಲ್ಲ. ಮಾರನೇ ದಿನ ಯಳಂದೂರಲ್ಲಿ ನೆಂಟರ ಮದುವೆ. ರೇಷ್ಮೆ ಸೀರೆ ಉಟ್ಟು ಇಬ್ಬರೂ ಬಸ್ ಹತ್ತಿದೆವು. ತುಂಬಿದ ಬಸ್ಸು, ಮೇಲೆ ಬಿಸಿಲು. ತಲೆ ಬೆವರಿದ ಹಂಗೆಲ್ಲ ವಾಸನೆ ಏರ್ತಾ ಹೋಯ್ತು.

ಕಂಡಕ್ಟರ್ ಬಂದವನು ಮೂಗು ಅರಳಿಸಿದ. ಸೀಟಿನ ಕೆಳಗೆ ಬಗ್ಗಿ ನೋಡಿದ. ಈರುಳ್ಳಿ ಮೂಟೆ ಯಾರದು, ಲಗೇಜ್ ಟಿಕೆಟ್ ತಗೊಳ್ಳಿ ಅಂದ. ಮೂಟೆ ಯಾವುದೂ ಇಲ್ಲ ಸಾ ಅಂತ ನಾನು ಅಂದೆ. ಅವನು ನಂಬಲಿಲ್ಲ, ಮತ್ತೆ ಬಗ್ಗಿದ. ಕೊನೆಗೆ ಅಕ್ಕನೇ ಸೆರಗು ಸರಿಸಿ ತಲೆ ತೋರಿಸಿ, ಮೂಟೆಯಲ್ಲ ಸಾ, ಇದು ತಲೆ, ಎಂಗಸ್ರಿಗೆ ಫ್ರೀ ಅಲ್ವಾ ಅಂತ ಕೇಳಿದಳು. ಅವನು ಒಂದು ಗಳಿಗೆ ಯೋಚನೆ ಮಾಡಿದ.

"ಎಂಗಸ್ರಿಗೆ ಫ್ರೀ ಕಣಮ್ಮ. ಈರುಳ್ಳಿಗಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ಯಳಂದೂರಲ್ಲಿ ಇಳಿದ ಮೇಲೆ ಅಕ್ಕ ಹತ್ತು ಹೆಜ್ಜೆ ನಡೆದು ಒಂದು ಅಂಗಡಿ ಕಟ್ಟೆ ಮೇಲೆ ಕೂತಳು. ಏದುಸಿರು ಬರ್ತಿತ್ತು. ನಕ್ಕು ನಕ್ಕು ಸುಸ್ತಾಯ್ತು ಕಣ್ಲೇ ಅಂದಳು. ನಾನು ಹೌದೇನೋ ಅನ್ಕೊಂಡೆ.

ಹೂಗ್ಯಂನ ಅಜ್ಜ

ಹನೂರು ತಾಲ್ಲೂಕಿನ ಹೂಗ್ಯಂನಲ್ಲಿ ಒಬ್ಬ ಅಜ್ಜ ಇದ್ದಾನೆ, ಕಾಡಿನ ಬೇರು ಹಾಕಿ ಎಣ್ಣೆ ಕಾಯಿಸಿ ಕೊಡ್ತಾನೆ, ಬೋಳುಗಲ್ಲಿನ ಮೇಲೂ ಕೂದಲು ಬರುತ್ತೆ ಅಂತ ಯಾರೋ ಹೇಳಿದರು. ಒಂದು ಸೋಮವಾರ ವ್ಯಾಪಾರ ಬಿಟ್ಟು ಇಬ್ಬರೂ ಹೊರಟೆವು. ಹನೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಇಳಿದ ಮೇಲೆ ಜೋಳದ ಹೊಲದ ಬದುವಿನಲ್ಲಿ ಸ್ವಲ್ಪ ನಡೀಬೇಕು. ಅಷ್ಟು ದೂರಕ್ಕೆ ಅಕ್ಕ ಮೂರು ಕಡೆ ಕೂತಳು.

ಅಜ್ಜ ಮನೆ ಮುಂದೆ ಬೇರು ಕುಟ್ತಾ ಇದ್ದ. ತಲೆ ತಾಮ್ರದ ಚೊಂಬಿನಂಗೆ ಹೊಳೀತಿತ್ತು. ಅಕ್ಕ ನನ್ನ ಮುಖ ನೋಡಿದಳು. ಅವನಿಗೆ ಅರ್ಥ ಆಯ್ತು. ನನ್ನ ತಲೆ ನೋಡಬ್ಯಾಡಮ್ಮಾ, ನಾನು ಹಚ್ಚಿಕೊಂಡೋನಲ್ಲ, ಹಚ್ಚಿಕೊಂಡೋಳನ್ನ ತೋರಿಸ್ತೀನಿ ಅಂತ ತಮಿಳು ಬೆರೆತ ಕನ್ನಡದಲ್ಲಿ ಹೇಳಿ ಹೆಂಡತಿಯನ್ನ ಕೂಗಿದ. ಅವಳು ಒಳಗಿಂದ ಬಂದಳು. ಅವಳ ತಲೆಯೂ ನುಣ್ಣಗಿತ್ತು. ಹಿಂದಿನ ವಾರವಷ್ಟೇ ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಮುಡಿ ಕೊಟ್ಟು ಬಂದಿದ್ದಳಂತೆ. ಅಜ್ಜನಿಗೆ ಅದು ಮರೆತೇಹೋಗಿತ್ತು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಭುಜ ಕುಣೀತಿತ್ತು.

ಆ ಅಜ್ಜಿ ನಗಲಿಲ್ಲ. ಅಕ್ಕನ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವಳ ಕೈ ಹಿಡಿದು ಉಗುರು ನೋಡಿದಳು. ಹೆಬ್ಬೆರಳಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಆಮೇಲೆ ಮೆತ್ತಗೆ, ತಿಂಗಳ ಮುಟ್ಟು ಎಷ್ಟು ದಿನ ಆಯ್ತದಮ್ಮಾ ಅಂತ ಕೇಳಿದಳು.

"ಎಲ್ಲಾರ್ಗೂ ಆದಂಗೆ. ಮೂರ್ ದಿನ" ಅಂದಳು ಅಕ್ಕ.

ಅಜ್ಜಿ ಎದ್ದು ಗಂಡನಿಗೆ ತಮಿಳಿನಲ್ಲಿ ಏನೋ ಹೇಳಿದಳು. ಮೊಗ್ಗು ತರೋರ ಜೊತೆ ಮಾತಾಡಿ ನನಗೂ ಒಂದಿಷ್ಟು ತಮಿಳು ಬರುತ್ತೆ. ಇವಳಿಗೆ ಎಣ್ಣೆ ಕೊಡಬೇಡ, ಇದು ತಲೆಯ ಕಾಯಿಲೆಯಲ್ಲ ಅಂದಿದ್ದಳು. ಅಜ್ಜನೂ ಹಾಗೇ ಹೇಳಿದ. ಮೊದಲು ದೊಡ್ಡ ಡಾಕ್ಟ್ರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಎಣ್ಣೆ ಎಲ್ಲಿಗೂ ಓಡಿಹೋಗಲ್ಲ ಅಂದ. ನಾವು ಕೊಟ್ಟ ದುಡ್ಡು ಮುಟ್ಟಲಿಲ್ಲ. ಮಜ್ಜಿಗೆ ಕೊಟ್ಟು ಕಳಿಸಿದರು.

ವಾಪಸ್ ಬರುವಾಗ ಹನೂರಿನವರೆಗೂ ಅಕ್ಕ ಅದನ್ನೇ ಆಡಿಕೊಂಡಳು.

"ಎರಡ್ ಬಸ್ ಹತ್ಕಂಡ್ ಓಗಿ ಎರಡ್ ಬೋಳ್ ತಲೆ ನೋಡ್ಕಂಡ್ ಬಂದ್ವಿ. ಟಿಕೆಟ್ ಫ್ರೀ ಆಗಿದ್ದುಕ್ಕೆ ಸರೋಯ್ತು."

ನಾನು ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕೆ. ಹದಿನೆಂಟು ವರ್ಷದಲ್ಲಿ ಎಷ್ಟೋ ಸಲ ನಕ್ಕಿದ್ದೀನಿ, ಆ ನಗುವೊಂದು ಮಾತ್ರ ಈಗಲೂ ಗಂಟಲಲ್ಲೇ ಇದೆ. ಆ ಅಜ್ಜಿ ಹೇಳಿದ್ದು ನನಗೆ ಅರ್ಥ ಆಗಿತ್ತು. ಆಸ್ಪತ್ರೆಗೆ ಹೋಗೋಣ್ವಾ ಅಕ್ಕ ಅಂತ ಒಂದು ಸಲ ಕೇಳಿದೆ. ಆ ಮುದುಕಿ ಮಾತಿಗೆಲ್ಲ ಆಸ್ಪತ್ರೆಗೆ ಓಗ್ತಾರಾ ಅಂದಳು. ಎರಡನೇ ಸಲ ಕೇಳಲಿಲ್ಲ.

ಡಾಕ್ಟ್ರಮ್ಮನ ಪಟ್ಟಿ

ಅದಾಗಿ ನಾಲ್ಕು ತಿಂಗಳಿಗೆ, ಬೆಳಗ್ಗೆ ಹೂ ಕಟ್ತಾ ಕಟ್ತಾ ಅಕ್ಕ ಜಗಲಿಯಿಂದ ಕೆಳಕ್ಕೆ ಬಿದ್ದಳು. ಎತ್ತೋಕೆ ಹೋದಾಗ ಸೀರೆಯೆಲ್ಲ ರಕ್ತ. ಪಕ್ಕದ ಮನೆಯೋರ ಆಟೋದಲ್ಲಿ ಕೊಳ್ಳೇಗಾಲಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ. ಗರ್ಭಕೋಶದಲ್ಲಿ ದೊಡ್ಡ ಗಡ್ಡೆ ಇದೆ, ಎರಡು ವರ್ಷದಿಂದ ರಕ್ತ ಹೋಗಿ ಹೋಗಿ ಮೈಯಲ್ಲಿ ಇರಬೇಕಾದ್ದರಲ್ಲಿ ಅರ್ಧವೂ ಉಳಿದಿಲ್ಲ, ಎದೆ ದಣಿದುಹೋಗಿದೆ ಅಂತ ಹೇಳಿದರು. ಬಾಟಲಿ ಮೇಲೆ ಬಾಟಲಿ ರಕ್ತ ಹಾಕಿದರು. ಭಾವ ವಾರ್ಡಿನ ಹೊರಗೆ ಚಪ್ಪಲಿ ಬಿಡೋ ಜಾಗದಲ್ಲೇ ಕೂತುಬಿಟ್ಟಿದ್ದರು.

ಡಾಕ್ಟ್ರಮ್ಮ ಒಬ್ಬರು ಪೆನ್ನು ಹಿಡಿದು ಬಂದು ಕೇಳಿದರು. ಕೂದಲು ಉದುರೋಕೆ ಶುರುವಾಗಿ ಎಷ್ಟು ದಿನ? ಎರಡು ವರ್ಷ ಅಂದೆ. ಅದಕ್ಕೆ ಏನು ಮಾಡಿದಿರಿ? ನಾನು ಹೇಳ್ತಾ ಹೋದೆ. ದಾಸವಾಳ, ಗರುಗ, ಕರಿಬೇವು, ಲೋಳೆಸರ, ಒಂದೆಲಗ, ನೆಲ್ಲಿಕಾಯಿ, ಮೆಂತ್ಯ, ಈರುಳ್ಳಿ. ಅವರು ಮೂರು ಬರೆದು ಪೆನ್ನು ಮುಚ್ಚಿದರು. ಬೈಯ್ಯಲಿಲ್ಲ. ಹಚ್ಚಿದ್ದು ತಪ್ಪಲ್ಲ, ಆದರೆ ರಕ್ತ ಇಲ್ಲದಿದ್ದರೆ ಕೂದಲು ಎಲ್ಲಿಂದ ಬರಬೇಕು, ಇದರಲ್ಲಿ ಒಂದನ್ನಾದರೂ ಹೊಟ್ಟೆಗೆ ತಿನ್ನಿಸಿದಿರಾ ಅಂತ ಕೇಳಿದರು. ಹಾಸಿಗೆಯಿಂದ ಸಣ್ಣ ದನಿ ಬಂತು.

"ಮೆಂತ್ಯ ತಿನ್ಸುದ್ವಿ ಮೇಡಂ. ಕೋಳಿಗೆ."

ದೇವರು ಮುಡಿದ ಹೂ

ಇನ್ನು ಮುಂದಕ್ಕೆ ಹೋಗೋ ಮೊದಲು ಹೇಳಿಬಿಡ್ತೀನಿ. ಆಪರೇಷನ್ ಆದ ಐದನೇ ದಿನ ಅಕ್ಕ ಹೋದಳು. ಗಡ್ಡೆ ತೆಗೆದರು, ಎಲ್ಲ ಸರಿಯಾಗೇ ಆಯ್ತು, ಎದೆ ಮಾತ್ರ ತಡೀಲಿಲ್ಲ. ಆಸ್ಪತ್ರೆಯೋರು ಮಾಡಬೇಕಾದ್ದೆಲ್ಲ ಮಾಡಿದರು. ತಡ ಮಾಡಿದೋರು ನಾವು.

ಆಪರೇಷನ್ ದಿನ ಬೆಳಗ್ಗೆ ಅವಳು ನನ್ನನ್ನ ಹತ್ತಿರಕ್ಕೆ ಕರೆದಳು. ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡ, ವ್ಯಾಪಾರ ಕೆಡುತ್ತೆ ಅಂದಳು. ನಮ್ಮ ಮನೆಯಲ್ಲಿ ಮುಟ್ಟಾದ ಮೂರು ದಿನ ಹೂ ಮುಟ್ಟೋ ಹಂಗಿಲ್ಲ. ದೇವರಿಗೆ ಹೋಗೋ ಹೂವು. ಅಕ್ಕನ ಆ ಮೂರು ದಿನ ನಾನೇ ನಸುಕಿಗೆ ಎದ್ದು ಎಷ್ಟಾಗುತ್ತೋ ಅಷ್ಟು ಕಟ್ಟಿಕೊಂಡು ಹೋಗ್ತಿದ್ದೆ. ಅವಳಿಗೆ ಎರಡು ವರ್ಷದಿಂದ ತಿಂಗಳಲ್ಲಿ ಇಪ್ಪತ್ತು ದಿನ ರಕ್ತ ಹೋಗ್ತಿತ್ತು. ಹೇಳಿದ್ದರೆ ಇಪ್ಪತ್ತು ದಿನ ಹೂ ಕಟ್ಟೋರು ಯಾರು? ಕಟ್ಟೋದೂ ಮಾರೋದೂ ಎರಡೂ ನನ್ನ ಕೈಲಿ ಆಗ್ತಿತ್ತಾ? ಅದಕ್ಕೇ ಮೂರು ದಿನ ಮಾತ್ರ ಹೊರಗೆ ಕೂತು, ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಬಂದು ಸುಮ್ಮನೆ ಕಟ್ಟೋಕೆ ಕೂತುಬಿಡ್ತಿದ್ದಳು. ನಿಲ್ಲೋ ವಯಸ್ಸು, ತಾನಾಗೇ ನಿಲ್ಲುತ್ತೆ ಅನ್ಕೊಂಡಿದ್ದಳಂತೆ.

ನಾನು ಅವಳ ಕೈ ಹಿಡ್ಕೊಂಡು ಕೂತೆ. ಅವಳ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. ಅದು ಆಪರೇಷನ್ನಿನ ಹೆದರಿಕೆ ಆಗಿರಲಿಲ್ಲ.

"ಎಲ್ಲಾ ದೇವ್ರುಗೂ ಅದೇ ಊವ ಓಯ್ತಲ್ಲೇ. ಯಾರ್ಗಾರ ಏನಾರ ಆಯ್ತಾ?"

ನಾನು ಯೋಚನೆ ಮಾಡಿದೆ. ಬಸ್ಸುಗಳ ಮುಂದಿನ ಮಾದಪ್ಪನ ಫೋಟೋಗೆ ದಿನಾ ನಮ್ಮದೇ ಹೂ. ಯಾವ ಬಸ್ಸೂ ಬಿದ್ದಿಲ್ಲ ಅಂದೆ. ಬ್ಯಾಂಕಿನ ಗಣಪತಿಗೆ ಶುಕ್ರವಾರ ಶುಕ್ರವಾರ ನಮ್ಮದೇ ಹಾರ. ಅಲ್ಲಿ ಏನೂ ಆಗಿಲ್ಲ, ಮ್ಯಾನೇಜರಿಗೆ ಟ್ರಾನ್ಸ್‌ಫರ್ ಆಯ್ತು ಅಷ್ಟೇ ಅಂದೆ. ಅಕ್ಕ ಕಣ್ಣರಳಿಸಿದಳು. ಅವರೇ ತಾನೇ ಊರ ಕಡೆಗೆ ಟ್ರಾನ್ಸ್‌ಫರ್ ಕೊಡಿಸಪ್ಪಾ ಅಂತ ಹಾರ ಹಾಕಿಸ್ತಿದ್ದದ್ದು ಅಂತ ಕೇಳಿದಳು. ಹೌದು ಅಂದೆ. ಸಿಕ್ಕಿದ್ದು ಅವರ ಊರೇ ತಾನೇ? ಹೌದು ಅಂದೆ.

"ನೋಡು ಮತ್ತೆ. ಅವ್ನ್ ಒಪ್ಕಂಡವ್ನೆ" ಅಂದಳು.

ಆಮೇಲೆ ಅವಳಿಗೆ ನಗು ಶುರುವಾಯ್ತು. ನನಗೂ. ತಲೆಗೆ ಹಸಿರು ಟೋಪಿ ಹಾಕೋಕೆ ಬಂದ ನರ್ಸಮ್ಮ ಟೋಪಿ ಹಿಡ್ಕೊಂಡೇ ನಿಂತುಬಿಟ್ಟರು. ಆಪರೇಷನ್‌ಗೆ ಹೋಗೋರು ಅಳೋದನ್ನ ನೋಡಿದ್ದೀನಿ, ನಿಮ್ಮಂತೋರನ್ನ ನೋಡಿಲ್ಲ ಅಂದರು. ಅಕ್ಕ ತಾನಾಗೇ ತಲೆ ಬಗ್ಗಿಸಿ ಕೊಟ್ಟಳು.

"ಬಿಗೀಯಾಗಿ ಆಕಿ ಮೇಡಂ. ಒಳ್ಗಿರೋ ನಾಕ್ ಕೂದ್ಲೂ ಓಗ್ಬುಟ್ಟಾವು."

ತಿಂಗಳ ತಿಂಗಳ

ಈಗ ಹೂ ನಾನೇ ಕಟ್ತೀನಿ. ಎಲ್ಲ ದಿನವೂ ಕಟ್ತೀನಿ. ಬುಟ್ಟಿ ಸಣ್ಣದಾಗಿದೆ. ಯಾರಾದರೂ ಹೆಂಗಸು ಬೆನ್ನು ತಿರುಗಿಸಿ, ಕೂದಲು ಉದುರ್ತಿದೆ ಕಣಮ್ಮ ಏನಾದ್ರೂ ಸೊಪ್ಪು ಗೊತ್ತಾ ಅಂತ ಕೇಳಿದರೆ, ಪಿನ್ನು ಸಿಕ್ಕಿಸ್ತಾ ಕಿವಿ ಹತ್ತಿರ ಬಗ್ಗಿ ಮೊದಲು ಇನ್ನೊಂದು ಪ್ರಶ್ನೆ ಕೇಳ್ತೀನಿ. ಕೆಲವರು ಮುಖ ಸಿಂಡರಿಸಿಕೊಂಡು ಹೋಗಿದ್ದಾರೆ. ಇನ್ನು ಕೆಲವರು ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳಿದ್ದಾರೆ. ಅಂಥೋರಲ್ಲಿ ಇಬ್ಬರನ್ನ ವ್ಯಾಪಾರ ಬಿಟ್ಟು ನಾನೇ ಆಸ್ಪತ್ರೆ ಬಾಗಿಲವರೆಗೂ ಕರ್ಕೊಂಡು ಹೋಗಿ ಬಿಟ್ಟು ಬಂದಿದ್ದೀನಿ. ಕೇಳಿ ಕೇಳಿ ಆ ಪ್ರಶ್ನೆ ಬಾಯಿಪಾಠ ಆಗಿಹೋಗಿದೆ.

ಮೊನ್ನೆ ಶುಕ್ರವಾರ ಸಂಜೆ, ಕೈ ಬಿಡುವಿಲ್ಲದ ವ್ಯಾಪಾರ. ತಲೆ ಬಗ್ಗಿಸಿ ಹೂ ಅಳೀತಿದ್ದೆ. ಪಕ್ಕದಲ್ಲಿ ಬಸ್ಸೊಂದು ಹಾರನ್ ಹೊಡೀತಾನೇ ಇತ್ತು. ಆ ಗಲಾಟೆಯಲ್ಲಿ ಯಾರೋ, ಕೂದಲು ಬಹಳ ಉದುರ್ತಿದೆಯಮ್ಮ, ನೀನು ಏನೋ ಹೇಳ್ತೀಯಂತೆ ಅಂದರು. ಗಂಡು ದನಿಯೋ ಹೆಣ್ಣು ದನಿಯೋ ಗಮನಿಸಲಿಲ್ಲ, ಬಾಯಿ ತಾನಾಗೇ ಕೇಳಿಬಿಟ್ಟಿತು.

"ತಿಂಗ್ಳ ತಿಂಗ್ಳ ಸರ್ಯಾಗಿ ಆಯ್ತದಾ?"

"ಪೆನ್ಷನ್ನಾ? ಆಗುತ್ತಮ್ಮ. ಒಂದನೇ ತಾರೀಕಿಗೇ ಆಗುತ್ತೆ."

ತಲೆ ಎತ್ತಿ ನೋಡಿದೆ. ರಿಟೈರ್ಡ್ ಹೆಡ್ ಮಾಸ್ಟರು, ಪ್ರತಿ ಶುಕ್ರವಾರ ಸೇವಂತಿಗೆ ತಗೊಳ್ಳೋರು. ಕೈಯಲ್ಲಿ ಬಟ್ಟೆ ಚೀಲ, ನೆತ್ತಿ ಮೇಲೆ ಎಣಿಸಿದಷ್ಟು ಬಿಳಿ ಕೂದಲು. ಸೆರಗನ್ನ ಬಾಯಿಗೆ ತುರುಕಿಕೊಂಡೆ. ಅಕ್ಕ ಹೋದ ಏಳು ತಿಂಗಳಲ್ಲಿ ನಾನು ನಕ್ಕಿದ್ದು ಅದೇ ಮೊದಲು. ಇದನ್ನ ಮನೆಗೆ ತಗೊಂಡು ಹೋಗಿ ಹೇಳಬೇಕು ಅಂತ ಒಂದು ಗಳಿಗೆ ಅನ್ನಿಸಿತು. ಯಾರಿಗೆ ಅಂತ ನೆನಪಾದ ಮೇಲೆ ಕಣ್ಣು ಮಂಜಾಗಿ, ಹೂ ಎಷ್ಟು ಮೊಳ ಅಳೆದೆ ಅನ್ನೋದೇ ತಪ್ಪಿಹೋಯ್ತು. ಪಾಪ, ಅವರು ನನ್ನ ಕಣ್ಣೀರು ನೋಡಿ ಗಾಬರಿಯಾದರು. ಕೊಟ್ಟಷ್ಟು ಹೂ ಚೀಲಕ್ಕೆ ಹಾಕ್ಕೊಂಡು ಹೊರಟರು. ನಾಲ್ಕು ಹೆಜ್ಜೆ ಹೋದೋರು ನಿಂತು, ಏನೋ ಲೆಕ್ಕ ಹಾಕಿ, ವಾಪಸ್ ಬಂದು ದನಿ ತಗ್ಗಿಸಿ ಕೇಳಿದರು.

"ಒಂದ್ಸಲ ಎರಡು ತಿಂಗಳು ತಡ ಆಗಿತ್ತಮ್ಮ. ಅದಕ್ಕೇ ಇರಬಹುದಾ?"